ಲಘುವಿನ ಎದುರು ಗುರು

ಕಪ್ಪುಕುಳಿ, ಕ್ವಾಂಟಮ್, ನೀಹಾರಿಕೆ ಎಂದು ಪದ ಉದುರಿಸಿದ ವಿಜ್ಞಾನಕವಿತೆಗಳು ನನ್ನ ಮೇಜಿಗೆ ವಾರಕ್ಕೆ ನಾಲ್ಕಾದರೂ ಬರುತ್ತವೆ. ಓದಿ ಮಡಚಿಡುತ್ತೇನೆ. ವಿಜ್ಞಾನ ಕವಿಯ ಕೈ ಕಟ್ಟಬೇಕು. ಮಜಾ ಶುರುವಾಗುವುದೇ ಆಗ.

ಕೆನಡಾದ ಕವಿ ಕ್ರಿಶ್ಚಿಯನ್ ಬೋಕ್ ಹಾಗೆ ಕೈ ಕಟ್ಟಿಸಿಕೊಂಡವರು. ಇಂಗ್ಲಿಷಿನ 26 ಅಕ್ಷರಗಳನ್ನು ಎರಡೆರಡಾಗಿ ಜೋಡಿಸಿದರು. ಒಂದು ಕವಿತೆಯಲ್ಲಿ ಒಂದಕ್ಷರ ಬಂದ ಜಾಗದಲ್ಲಿ ಇನ್ನೊಂದು ಕವಿತೆಯಲ್ಲಿ ಅದರ ಜೊತೆಗಾರನೇ ಬರಬೇಕು, ಎರಡಕ್ಕೂ ಅರ್ಥವಿರಬೇಕು. ಹೀಗೆ ಜೋಡಿಸುವ ಬಗೆಗಳೇ ಸುಮಾರು 7.9 ಲಕ್ಷ ಕೋಟಿ! ಮೊದಲ ಕವಿತೆಯನ್ನು ವಂಶವಾಹಿಯಾಗಿಸಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ, ಅದು ತಯಾರಿಸುವ ಪ್ರೋಟೀನೇ ಎರಡನೆಯ ಕವಿತೆ. 2011ರಲ್ಲಿ ಇ. ಕೋಲಿಯಲ್ಲಿ ಇದು ಕೈಗೂಡಿತು. ಅವರ ಕಣ್ಣಿದ್ದದ್ದು ಮಾತ್ರ ಡೈನೋಕಾಕಸ್ ರೇಡಿಯೋಡ್ಯುರನ್ಸ್ ಮೇಲೆ. 1956ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ, ಗಾಮಾ ಕಿರಣ ಹಾಯಿಸಿದ ಡಬ್ಬಿಮಾಂಸದಲ್ಲೂ ಸಾಯದೆ ಸಿಕ್ಕಿಬಿದ್ದ ಗಟ್ಟಿಜೀವ ಅದು. ಕವಿತೆ ಕವಿಯನ್ನು ಮೀರಿ ಬಾಳಲಿ ಎಂಬ ಆಸೆ. ಆಚಂದ್ರಾರ್ಕ ಎಂದು ಕಲ್ಲಿನಲ್ಲಿ ಕೆತ್ತಿಸಿದವರ ನಾಡಿಗೆ ಇದೇನು ಹೊಸದಲ್ಲ ಬಿಡಿ.

ನನಗೆ ಪ್ರಯೋಗಾಲಯ ಇಲ್ಲ, ಛಂದಸ್ಸಿನ ಗಣಸೂತ್ರ 'ಯಮಾತಾರಾಜಭಾನಸಲಗಂ' ಇದೆ. ಡಿಎನ್‌ಎ ಓದುವುದು ಮೂರಕ್ಷರದ ಗುಂಪಿನಲ್ಲಿ. ನಮ್ಮ ಅಕ್ಷರಗಣಕ್ಕೂ ಮೂರೇ. ಅಲ್ಲಿ ನಾಲ್ಕು ಬಗೆಯಿಂದ 64 ಗುಂಪು, ಇಲ್ಲಿ ಲಘು, ಗುರು ಎಂಬ ಎರಡು ಬಗೆಯಿಂದ 8 ಗಣ. 1953ರಲ್ಲಿ ವಾಟ್ಸನ್, ಕ್ರಿಕ್ ತೋರಿಸಿದ ಜೋಡಿ ಎಳೆಗಳ ಹಾಗೆ ಎರಡು ಸಾಲು ಹೂಡಿ, ಲಘುವಿನ ಎದುರು ಗುರು ಕೂರಿಸಿದೆ: ಮಗಣಕ್ಕೆ ನಗಣ, ಯಗಣಕ್ಕೆ ಭಗಣ, ರಗಣಕ್ಕೆ ಜಗಣ, ತಗಣಕ್ಕೆ ಸಗಣ. ಎಂಟಕ್ಕೆ ಎಂಟೂ ಜೋಡಿಯಾದವು.

ಬರೆಯಲು ಕೂತಾಗ ಬೆವರಿಳಿಯಿತು. ಕನ್ನಡದ ಪದಗಳು ಬಹುಪಾಲು ಹ್ರಸ್ವದಲ್ಲೇ ಮುಗಿಯುತ್ತವೆ. 'ಕಾವೇರಿ' ಸಲೀಸು, ತಗಣ. ಎದುರಿಗೆ ಸಗಣ ಬೇಕು, ಕೊನೆಯದು ಗುರು. 'ಹರಿದು' ಎಂದರೆ ಮೂರೂ ಲಘು. ಅದರ ಮುಂದೆ 'ಪ್ರಾಣ' ಇಟ್ಟರೆ ಒತ್ತಿನ ಹಿಂದಿನ 'ದು' ಗುರುವಾಗುತ್ತದೆ, ನಿಜ; ಆದರೆ ಅಚ್ಚಗನ್ನಡದ ಪದ ಒತ್ತಕ್ಷರದಿಂದ ಶುರುವಾಗುವುದಿಲ್ಲ, ಪ್ರತಿ ಸಲ ಸಂಸ್ಕೃತದ ಮನೆಗೆ ಕಡ ಕೇಳಲು ಹೋಗಬೇಕು. ಕೊನೆಗೆ ಸಿಕ್ಕಿದ್ದು 'ಬರಲೇ'.

ಎಂಟು ಸಾಲಿಗೆ ಹನ್ನೊಂದು ದಿನ ಹಿಡಿಯಿತು. ಗೆಳೆಯನಿಗೆ ಓದಿ ಹೇಳಿದೆ.

"ಬಲಗಡೆ ಸಾಲೆಲ್ಲ ಯಾಕಯ್ಯ ಅಪ್ಪಣೆ ಕೇಳ್ತಾ ನಿಂತಿವೆ?" ಅಂದ.

ಎಣಿಸಿ ನೋಡಿದೆ. ಬರಲೇ, ತರಲೇ, ಇರಲೇ, ಬಿಡಲೇ. ಮೂರನ್ನು ಕಿತ್ತಿದ್ದೇನೆ, ಆ ಜಾಗಗಳು ಇನ್ನೂ ಖಾಲಿ ಇವೆ. ಕಾವೇರಿಯ ಎದುರಿನ 'ಬರಲೇ' ತೆಗೆಯಲು ಮಾತ್ರ ಕೈ ಬರುತ್ತಿಲ್ಲ.