ತಪ್ಪು ಕೆಳಗೆ, ಕಾರಣ ಮೇಲೆ

ಹೊಲಿದ ಬಟ್ಟೆ ಕೈಗೆ ಬಂದರೆ ನಾನು ಮೊದಲು ಮಗುಚಿ ಅದರ ಒಳಮೈ ನೋಡುತ್ತೇನೆ. ಹೊರಮೈಯನ್ನು ಇಸ್ತ್ರಿ ಹಾಕಿ ಹೇಗೋ ಒಪ್ಪ ಮಾಡಬಹುದು, ಒಳಗಿನ ಹೊಲಿಗೆಗೆ ಆ ಉಪಾಯ ನಡೆಯುವುದಿಲ್ಲ. ಅಲ್ಲಿ ದಾರ ಸಡಿಲವಾಗಿ ಕುಣಿಕೆ ಕುಣಿಕೆಯಾಗಿ ನಿಂತಿದ್ದರೆ ಹೊಲಿದವರು ಟೆನ್ಷನ್ ನೋಡಿಕೊಂಡಿಲ್ಲವೆಂದೇ ಅರ್ಥ.

ಮನೆಯಲ್ಲಿ ಹೊಲಿಯುವವರ ಸಾಮಾನ್ಯ ದೂರು ಒಂದೇ: ಕೆಳಗೆ ದಾರ ಉಂಡೆ ಕಟ್ಟುತ್ತಿದೆ. ಕೂಡಲೇ ಕೆಳಗಿನ ದಾರದ ಬಾಬಿನ್ ಕೇಸ್ ಹೊರಗೆ ಬರುತ್ತದೆ, ಸ್ಕ್ರೂಡ್ರೈವರ್ ಕೈಗೆ ಬರುತ್ತದೆ. ತಪ್ಪು ಕೆಳಗೆ ಕಾಣುತ್ತದಲ್ಲ, ಹಾಗಾಗಿ ಕಾರಣವೂ ಕೆಳಗೇ ಇರಬೇಕೆಂಬ ಲೆಕ್ಕ. ಹೊಲಿಗೆ ಮಷಿನ್‌ನಲ್ಲಿ ಈ ಲೆಕ್ಕ ತಲೆಕೆಳಗು. ಕೆಳಗಿನ ಗೋಜಲು ಮೇಲಿನ ದಾರದ ದೋಷ. ಬಟ್ಟೆಯ ಮೇಲ್ಮೈಯಲ್ಲಿ ಬಾಬಿನ್ ದಾರ ಚುಕ್ಕೆ ಚುಕ್ಕೆಯಾಗಿ ಇಣುಕಿದರೆ ಮೇಲಿನದು ಬಿಗಿಯಾಗಿದೆ, ಇಲ್ಲವೇ ಬಾಬಿನ್ ಸಡಿಲ.

ಮಷಿನ್ ಕೆಲಸ ಮಾಡುವ ಬಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಇವತ್ತಿನವರೆಗೂ ತತ್ವ ಒಂದೇ: ತುದಿಯಲ್ಲಿ ಕಣ್ಣಿರುವ ಸೂಜಿ, ಎರಡು ದಾರ. ನಮ್ಮ ಕಪ್ಪು ಮಷಿನ್‌ನಲ್ಲಿ ಸೂಜಿ ಮೇಲಿನ ದಾರವನ್ನು ಕೆಳಗಿಳಿಸುತ್ತದೆ, ಶಟಲ್‌ನ ಕೊಕ್ಕೆ ಅದರ ಕುಣಿಕೆ ಹಿಡಿದು ಇಡೀ ಬಾಬಿನ್ ಕೇಸನ್ನು ಸುತ್ತಿಸಿಬಿಡುತ್ತದೆ. ಆಮೇಲೆ ಮುಂದೆ ಮೇಲೆ ಕೆಳಗೆ ಆಡುವ ಟೇಕಪ್ ಲಿವರ್ ಆ ಉದ್ದ ಕುಣಿಕೆಯನ್ನು ಸರ್ರನೆ ಮೇಲಕ್ಕೆಳೆದು, ಎರಡು ದಾರಗಳ ಗಂಟನ್ನು ಬಟ್ಟೆಯ ದಪ್ಪದ ನಡುವೆ ಕೂರಿಸಬೇಕು. ಲಿವರ್ ಎಳೆಯುವಾಗ ರೀಲಿನ ಕಡೆಯ ದಾರವನ್ನು ಯಾರಾದರೂ ಗಟ್ಟಿಯಾಗಿ ಹಿಡಿದಿರಬೇಕು. ಆ ಕೆಲಸ ಟೆನ್ಷನ್ ಬಿಲ್ಲೆಗಳದು. ಅವು ಹಿಡಿಯದಿದ್ದರೆ ಲಿವರ್ ಕೆಳಗಿನ ಕುಣಿಕೆ ಎತ್ತುವ ಬದಲು ರೀಲಿನಿಂದ ಹೊಸ ದಾರ ಎಳೆದುಕೊಳ್ಳುತ್ತದೆ. ಕುಣಿಕೆ ಕೆಳಗೇ ಉಳಿಯುತ್ತದೆ. ಅದೇ ಉಂಡೆ.

ಬಿಲ್ಲೆಗಳು ಹಿಡಿಯದಿರಲು ಬಹುಪಾಲು ಕಾರಣ ಅತಿ ಸಣ್ಣದು. ಪ್ರೆಷರ್ ಫುಟ್ ಎತ್ತಿದಾಗ ಬಿಲ್ಲೆಗಳು ಬಿಚ್ಚಿಕೊಳ್ಳುತ್ತವೆ, ಇಳಿಸಿದಾಗ ಮುಚ್ಚಿಕೊಳ್ಳುತ್ತವೆ. ಫುಟ್ ಇಳಿಸಿಟ್ಟೇ ದಾರ ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಹೋಗದೆ ಅಂಚಿನ ಮೇಲೇ ಕೂತಿರುತ್ತದೆ. ಆಗ ಬಿಲ್ಲೆಗಳ ಬಿಗಿ ಹೊಂದಿಸುವ ತಿರುಪನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಅದಕ್ಕೇ ನನ್ನ ಹಟ: ತಿರುಪು ಮುಟ್ಟುವ ಮುನ್ನ ಫುಟ್ ಎತ್ತಿ ದಾರವನ್ನು ಮೊದಲಿನಿಂದ ಮತ್ತೆ ಪೋಣಿಸಿ. ಸೂಜಿ ಬದಲಿಸಿ. ರುಬಿಯಾ ಬ್ಲೌಸಿಗೆ 11ನೇ ನಂಬರ್ ಸಾಕು. ಗುಳೇದಗುಡ್ಡದ ಖಣಕ್ಕೆ ಲೈನಿಂಗ್ ಕೊಟ್ಟು ಹೊಲಿಯುವುದಾದರೆ 14 ಬೇಕು. ಮೇಲೊಂದು ಕೆಳಗೊಂದು ಜಾತಿಯ ದಾರ ಹಾಕಿ ಸಮ ಹೊಲಿಗೆ ಬಯಸುವವರಿಗೆ ನಾನು ಏನೂ ಹೇಳಲಾರೆ.

ಬಾಬಿನ್ ಕೇಸನ್ನೂ ನೋಡಬೇಕು, ಆದರೆ ಸ್ಕ್ರೂಡ್ರೈವರ್ ಇಲ್ಲದೆ. ಅದರ ಹೊರಮೈಯಲ್ಲಿ ಬಾಗಿದ ತಗಡಿನ ಸ್ಪ್ರಿಂಗ್ ಇದೆ, ದಾರ ಅದರಡಿಯಿಂದ ಹೊರಬರುತ್ತದೆ. ಆ ಸ್ಪ್ರಿಂಗ್ ಕೆಳಗೆ ಹತ್ತಿಯ ಜುಂಗು ಸೇರಿದರೆ ತಗಡು ಕೂದಲೆಳೆಯಷ್ಟು ಮೇಲೇಳುತ್ತದೆ, ದಾರ ಹಿಡಿತ ತಪ್ಪುತ್ತದೆ. ಗಟ್ಟಿ ಕಾಗದದ ಮೂಲೆಯನ್ನು ಅಲ್ಲಿ ತೂರಿಸಿ ಎಳೆದರೆ ಬೂದುಬಣ್ಣದ ಎಳೆಯೊಂದು ಜೊತೆಗೇ ಬರುತ್ತದೆ. ಅಷ್ಟಕ್ಕೇ ಎಷ್ಟೋ ಮಷಿನ್‌ಗಳು ಸರಿಹೋಗುತ್ತವೆ. ಆಮೇಲೆ ಬಾಬಿನ್ ಹಾಕಿ ಕೇಸನ್ನು ದಾರದಲ್ಲಿ ತೂಗುಬಿಡಿ. ತಾನಾಗಿ ಜಾರಿದರೆ ಸಡಿಲ. ಜಗ್ಗಿದರೂ ಅಲುಗದಿದ್ದರೆ ಬಿಗಿ. ಕೈಯನ್ನು ಸಣ್ಣಗೆ ಕುಲುಕಿದಾಗ ಒಂದೆರಡು ಇಂಚು ಇಳಿದು ನಿಂತರೆ ಸರಿ. ಸ್ಪ್ರಿಂಗಿನ ಬಿಗಿ ಹೊಂದಿಸುವ ಸ್ಕ್ರೂ ತಿರುಗಿಸಲೇಬೇಕೆಂದಾದರೆ ಮೊದಲು ಅದರ ಗೀರು ಯಾವ ಕಡೆ ಮುಖ ಮಾಡಿದೆ ಎಂದು ಗುರುತು ಮಾಡಿಕೊಂಡು, ಕಾಲು ಸುತ್ತಿಗಿಂತ ಹೆಚ್ಚು ಹೋಗಬೇಡಿ. ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಂಡಿರಿ, ಆ ಸ್ಕ್ರೂ ಜೋಳದ ಕಾಳಿಗಿಂತ ಚಿಕ್ಕದು.

ಇಷ್ಟಾದ ಮೇಲೆ ಮೇಲಿನ ತಿರುಪಿನ ಸರದಿ. ಹೊಸ ಮಷಿನ್‌ಗಳಲ್ಲಿ ಅಂಕಿಗಳಿರುತ್ತವೆ, ಸಾಮಾನ್ಯ ಹೊಲಿಗೆಗೆ 3ರಿಂದ 5ರ ನಡುವೆ ಎಲ್ಲೋ ಸಿಗುತ್ತದೆ. ಹಳೆಯ ಕಪ್ಪು ಮಷಿನ್‌ಗಳಲ್ಲಿ ಎಷ್ಟೋ ಸಲ ಅಂಕಿಯೇ ಇರುವುದಿಲ್ಲ, ಬೆರಳೇ ಪ್ರಮಾಣ. ನನಗೆ ಅದೇ ಇಷ್ಟ. ಅಂಕಿ ನಂಬಿದವರು ಬಟ್ಟೆ ನೋಡುವುದನ್ನು ಬಿಡುತ್ತಾರೆ. ನೋಡುವ ಹಳೆಯ ವಿಧಾನ ಇದು: ಬಟ್ಟೆಯ ತುಂಡನ್ನು ಎರಡು ಪದರ ಮಾಡಿ, ಮೇಲೆ ಕೆಂಪು, ಕೆಳಗೆ ನೀಲಿ ದಾರ ಹಾಕಿ ಕ್ರಾಸ್ ಆಗಿ ಒಂದು ಹೊಲಿಗೆ ಹಾಕಿ. ಎರಡೂ ತುದಿ ಹಿಡಿದು ದಾರ ಕಿತ್ತುಹೋಗುವವರೆಗೆ ಜಗ್ಗಿ. ಕೆಂಪು ಮಾತ್ರ ಕಿತ್ತರೆ ಮೇಲಿನದು ಬಿಗಿ, ನೀಲಿ ಮಾತ್ರ ಕಿತ್ತರೆ ಕೆಳಗಿನದು. ಎರಡೂ ಒಟ್ಟಿಗೇ ಪಟಕ್ಕೆಂದರೆ ಹೊಲಿಯಲು ಕೂರಬಹುದು.

ಸುಕ್ಕಿನ ವಿಷಯವೇ ಬೇರೆ. ಹೊಲಿಗೆ ಎರಡು ಕಡೆಯೂ ಒಂದೇ ಥರ ಕಂಡರೂ ಬಟ್ಟೆ ಮುದುಡುವುದುಂಟು, ಎರಡು ದಾರವೂ ಸಮವಾಗಿ ಅತಿಬಿಗಿಯಾಗಿದ್ದರೆ ಹೀಗೆಯೇ. ಪಾಲಿಯೆಸ್ಟರ್ ದಾರ ಎಳೆದರೆ ಹಿಗ್ಗುತ್ತದೆ. ಬಾಬಿನ್ನನ್ನು ಭರ್ರೆಂದು ಬಿಗಿಯಾಗಿ ಸುತ್ತಿದರೆ ಹಿಗ್ಗಿದ ದಾರವೇ ಬಟ್ಟೆಯೊಳಗೆ ಹೋಗಿ, ಅಲ್ಲಿ ಕುಗ್ಗಿ ಬಟ್ಟೆಯನ್ನೂ ಜೊತೆಗೆಳೆಯುತ್ತದೆ. ಬಾಬಿನ್ ನಿಧಾನವಾಗಿ ಸುತ್ತಿ. ಹೊಲಿಗೆ ನಡುನಡುವೆ ತಪ್ಪಿಹೋಗುತ್ತಿದ್ದರೆ ಟೆನ್ಷನ್ ಕಡೆ ತಲೆ ಹಾಕಲೇಬೇಡಿ, ಅದು ಸೂಜಿಯದೋ ಶಟಲಿನದೋ ತಕರಾರು.

ಬೇಕೆಂದೇ ಸಮತೋಲ ಕೆಡಿಸುವುದೂ ಇದೆ, ಒಳ್ಳೆಯ ಕೈ ಗೊತ್ತಾಗುವುದು ಅಲ್ಲೇ. ಲಂಗಕ್ಕೆ ನಿರಿಗೆ ಹಿಡಿಯಬೇಕಾದರೆ ಮೇಲಿನ ದಾರ ಸಡಿಲಿಸಿ, ಹೊಲಿಗೆ ಉದ್ದ ಮಾಡಿ, ಆಮೇಲೆ ಕೆಳಗಿನ ದಾರ ಜಗ್ಗಿದರೆ ಸರಸರನೆ ನಿರಿಗೆ ಕೂಡುತ್ತದೆ. ಕಾಜಾ ಹೊಲಿಯುವಾಗ ಮೇಲಿನದನ್ನು ತುಸು ಸಡಿಲಿಸಿದರೆ ಗಂಟು ಕೆಳಮೈಗಿಳಿದು ಮೇಲೆ ನಯ ಉಳಿಯುತ್ತದೆ. ದಪ್ಪ ಜರಿದಾರ ಸೂಜಿಯ ಕಣ್ಣಲ್ಲಿ ಉಜ್ಜಿ ಹರಿಯುವುದರಿಂದ ಅದನ್ನು ಬಾಬಿನ್‌ಗೆ ಸುತ್ತಿ, ಬಟ್ಟೆ ಮಗುಚಿ ಹಾಕಿ ಹೊಲಿಯುತ್ತಾರೆ. ಜರಿ ಹೊರಮೈಯಲ್ಲಿ ಮೂಡುತ್ತದೆ. ಇದಕ್ಕೆ ಸ್ಕ್ರೂ ಸಡಿಲಿಸಿದ ಇನ್ನೊಂದು ಬಾಬಿನ್ ಕೇಸ್ ಕೊಂಡಿಡುವುದು ಜಾಣತನ. ಅದರ ಮೇಲೆ ನೇಲ್ ಪಾಲಿಷಿನ ಒಂದು ಚುಕ್ಕೆ ಇಟ್ಟುಬಿಡಿ, ಇಲ್ಲವಾದರೆ ಬ್ಲೌಸ್ ಹೊಲಿಯಲು ಕೂತಾಗ ಯಾವುದು ಯಾವುದೆಂದು ಎರಡನ್ನೂ ದಾರದಲ್ಲಿ ತೂಗಿ ನೋಡುತ್ತಾ ಕೂರಬೇಕಾಗುತ್ತದೆ.