ಫ್ರಿಜ್ಜಿನ ಮೇಲಿನ ಹಾಳೆ

ಕಳೆದ ವರ್ಷ ನನ್ನ ರಕ್ತಪರೀಕ್ಷೆಯ ರಿಪೋರ್ಟಲ್ಲಿ ಟ್ರೈಗ್ಲಿಸರೈಡ್ಸ್ 386 ಅಂತ ದಪ್ಪಕ್ಷರದಲ್ಲಿ ಬಂತು. 150ರ ಒಳಗಿರಬೇಕಂತೆ. ಡಾಕ್ಟರು ಮಾತ್ರೆ ಬರೆದು, ಜೊತೆಗೊಂದು ಅಚ್ಚಾದ ಹಾಳೆ ಕೊಟ್ಟರು. ಅದು ಸೀದಾ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಪುಸ್ತಕಗಳಿಗೆ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಪುಸ್ತಕಕ್ಕಿಂತ ಹೆಚ್ಚು ಓದಿಸಿಕೊಳ್ಳೋ ಈ ಹಾಳೆಗೂ ಒಂದು ವಿಮರ್ಶೆ ಬೇಡವೇ?

ಅದರಲ್ಲಿ ಎರಡು ಪಟ್ಟಿ. ಬಿಡಬೇಕಾದ್ದು: ತುಪ್ಪ, ಬೆಣ್ಣೆ, ತೆಂಗಿನಕಾಯಿ, ಮೊಟ್ಟೆಯ ಹಳದಿ, ಕರಿದ ತಿಂಡಿ. ತಗೋಬಹುದಾದ್ದು: ಓಟ್ಸ್, ಬ್ರೊಕೋಲಿ, ಆಲಿವ್ ಎಣ್ಣೆ, ಸಾಲ್ಮನ್ ಮೀನು, ಹಣ್ಣಿನ ರಸ. ಅನ್ನದ ಬಗ್ಗೆ ಒಂದಕ್ಷರ ಇಲ್ಲ. ಸಕ್ಕರೆ ‘ಮಿತವಾಗಿ’. ಮದ್ಯ ಕೊನೇ ಸಾಲಲ್ಲಿ, ಅದೂ ‘ಮಿತವಾಗಿ’.

ಮೂರು ತಿಂಗಳು ಶ್ರದ್ಧೆಯಿಂದ ಪಾಲಿಸಿದೆ. ತುಪ್ಪ ಇಲ್ಲದ ಅನ್ನ ಇಳಿಯೋಲ್ಲ ಅಂತ ಸಾರು ಜಾಸ್ತಿ, ಸಾರು ಉಳೀತು ಅಂತ ಮತ್ತೆ ಅನ್ನ. ಸಂಜೆ ಬೋಂಡದ ಬದಲು ಮಾರಿ ಬಿಸ್ಕತ್ತು, ಒಂದು ಲೋಟ ಕಿತ್ತಳೆ ರಸ. ಮಾತ್ರೆ ನುಂಗ್ತಾ ಇದ್ರೂ ಮುಂದಿನ ರಿಪೋರ್ಟಲ್ಲಿ 340. ‘ಎಣ್ಣೆ ಇನ್ನೂ ಕಮ್ಮಿ ಮಾಡಿ’ ಅಂದರು.

ಹಾಳೆಯ ಮುಖ್ಯ ದೋಷ ಇದು: ಕೊಲೆಸ್ಟರಾಲಿಗೂ ಟ್ರೈಗ್ಲಿಸರೈಡಿಗೂ ಒಂದೇ ಪಟ್ಟಿ. ತುಪ್ಪ, ಬೆಣ್ಣೆ ಅತಿಯಾದರೆ ಎಲ್‌ಡಿಎಲ್ ಏರುತ್ತೆ, ನಿಜ. ಆದರೆ ನಾವು ಖರ್ಚು ಮಾಡೋದಕ್ಕಿಂತ ಹೆಚ್ಚು ಅನ್ನ, ಸಕ್ಕರೆ ಒಳಗೆ ಹೋದಾಗ ಯಕೃತ್ತು ಅದನ್ನೇ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತೆ. ಆ ಕೊಬ್ಬೇ ಟ್ರೈಗ್ಲಿಸರೈಡ್. ಮದ್ಯ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತೆ. ‘ಬೆಲ್ಲದ್ದಾದ್ರೆ ಪರವಾಗಿಲ್ಲ’ ಅನ್ನೋದು ನಮ್ಮ ಸಮಾಧಾನ ಅಷ್ಟೇ.

ಎರಡನೇ ದೋಷ: 200 ಇರೋನಿಗೂ 1200 ಇರೋನಿಗೂ ಅದೇ ಹಾಳೆ. 500 ದಾಟಿದರೆ, ಅದರಲ್ಲೂ 1000 ದಾಟಿದರೆ, ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಅಪಾಯ. ಅಂಥವರು ಎಲ್ಲ ಬಗೆಯ ಕೊಬ್ಬನ್ನೂ ಬಿಗಿಯಾಗಿ ಕಡಿಮೆ ಮಾಡಬೇಕು, ಮದ್ಯ ಪೂರ್ತಿ ಬಿಡಬೇಕು. ಫೆನೋಫೈಬ್ರೇಟಿನಂಥ ಮಾತ್ರೆಗೆ ಅಲ್ಲಿ ನಿಜವಾದ ಕೆಲಸ ಇದೆ.

ನನ್ನಂಥವರಲ್ಲಿ? ಸಂಖ್ಯೆ ಇಳಿದರೆ ಹೃದಯ ಉಳೀತು ಅಂತ ನಂಬಿದ್ದೆ. 2010ರ ಅಕಾರ್ಡ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರಿಗೆ ಸ್ಟ್ಯಾಟಿನ್ ಜೊತೆ ಫೆನೋಫೈಬ್ರೇಟ್ ಸೇರಿಸಿ ನೋಡಿದರು. ಹೃದಯಾಘಾತ, ಪಾರ್ಶ್ವವಾಯು ಒಟ್ಟಾರೆ ಕಮ್ಮಿಯಾಗಲಿಲ್ಲ. 2022ರ ಪ್ರಾಮಿನೆಂಟ್ ಅಧ್ಯಯನದಲ್ಲಿ ಪೆಮಾಫೈಬ್ರೇಟ್ ಟ್ರೈಗ್ಲಿಸರೈಡನ್ನು ಸುಮಾರು ಕಾಲು ಭಾಗ ಇಳಿಸಿತು, ಹೃದಯಕ್ಕೆ ಲಾಭ ಕಾಣಲಿಲ್ಲ. ಹೃದಯದ ರಕ್ಷಣೆಗೆ ಮೊದಲ ಮಾತ್ರೆ ಇವತ್ತಿಗೂ ಸ್ಟ್ಯಾಟಿನ್ನೇ. ಇದನ್ನೋದಿ ಯಾರೂ ತಾವಾಗೇ ಮಾತ್ರೆ ನಿಲ್ಲಿಸಬೇಡಿ ಮತ್ತೆ. ಯಾಕೆ ಕೊಟ್ಟಿದ್ದೀರಿ ಅಂತ ಡಾಕ್ಟರನ್ನ ಕೇಳಿ.

ನಾನು ಕೇಳಿದ್ದು ಇನ್ನೊಬ್ಬ ಡಾಕ್ಟರನ್ನ. ಅವರು ಹಾಳೆ ಕೊಡಲಿಲ್ಲ, ಪ್ರಶ್ನೆ ಕೇಳಿದರು. ಥೈರಾಯ್ಡ್ ನೋಡಿಸಿದ್ದೀರಾ? ಶುಗರ್? ಬೇರೆ ಯಾವುದಾದ್ರೂ ಮಾತ್ರೆ, ಸ್ಟೆರಾಯ್ಡ್? ವಾರಕ್ಕೆಷ್ಟು ದಿನ ಕುಡೀತೀರಿ? ಹೆಂಡತಿ ಪಕ್ಕದಲ್ಲೇ ಇದ್ದಳು. ‘ಮೂರು’ ಅಂದೆ. ಆ ಪ್ರಶ್ನೆಯನ್ನ ಅಲ್ಲೀತನಕ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹಾಳೆಯ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆವಾಗ. ಆ ಮೂರು ತಿಂಗಳು ಅವಳು ಮನೆಯವರಿಗೆಲ್ಲ ಕಾಯಿ ಹಾಕದ ಚಟ್ನಿ, ಒಗ್ಗರಣೆ ಇಲ್ಲದ ಹುಳಿ ಮಾಡಿದ್ದಳು. ತನ್ನ ಅಡುಗೆಯಿಂದಲೇ ನನಗೆ ಹೀಗಾಯ್ತು ಅಂತ ನಂಬಿದ್ದಳು. ಹಾಳೆ ಅಡುಗೆಮನೆಯನ್ನ ಆರೋಪಿ ಮಾಡಿತ್ತು, ನನ್ನ ಲೋಟಕ್ಕೆ ‘ಮಿತವಾಗಿ’ ಅಂತ ರಿಯಾಯಿತಿ ಕೊಟ್ಟಿತ್ತು.

ಆಮೇಲೆ ಕುಡಿತ ನಿಲ್ಲಿಸಿದೆ. ಅನ್ನ ಅರ್ಧ ಮಾಡಿ ಪಲ್ಯ, ಕಾಳು ಹೆಚ್ಚಿಸಿದೆ. ಸಕ್ಕರೆ ಇಲ್ಲದ ಚಹಾ. ಸಾಲ್ಮನ್ ಬದಲು ಬೂತಾಯಿ, ಬಂಗುಡೆ, ಕರೀದೆ. ಊಟ ಆದ ಮೇಲೆ ನಡಿಗೆ. ಐದು ಕಿಲೋ ಇಳೀತು, ಆರು ತಿಂಗಳಲ್ಲಿ 172. ಇನ್ನೂ 150 ಆಗಿಲ್ಲ.

ಚಟ್ನಿಗೆ ಕಾಯಿ ವಾಪಸ್ ಬಂದಿದೆ, ಸ್ವಲ್ಪ. ಫ್ರಿಜ್ಜಿನ ಬಾಗಿಲು ಖಾಲಿ ಇದೆ.