ಯಾರದೋ ವಾಕ್ಯ ತಿದ್ದುವ ಮಕ್ಕಳು

ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆಯಲ್ಲಿ 'ಎಡಿಟಿಂಗ್' ಎಂಬ ಪ್ರಶ್ನೆಯೊಂದಿರುತ್ತದೆ. ಪುಟ್ಟದೊಂದು ಪ್ಯಾರಾ, ಅದರೊಳಗೆ ಎರಡು ತಪ್ಪು. ಒಂದು ಪ್ರಿಪೊಸಿಷನ್‌ದು, ಇನ್ನೊಂದು ಸ್ಪೆಲ್ಲಿಂಗಿನದು ಎಂಬಂಥ ಸುಳಿವೂ ಜೊತೆಗೇ ಸಿಗುತ್ತದೆ. ತಿದ್ದಿ ಬರೆದರೆ ಅಂಕ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ತಿದ್ದುವುದೆಂದರೆ ಇದೇ. ಮುಂದೆ ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಕೂತರೆ ಅದೇ ಅಭ್ಯಾಸ 'ಸೆಂಟೆನ್ಸ್ ಇಂಪ್ರೂವ್‌ಮೆಂಟ್' ಎಂಬ ಹೆಸರಿನಲ್ಲಿ ಬಹುಆಯ್ಕೆಯ ಪ್ರಶ್ನೆಯಾಗಿ ಬರುತ್ತದೆ.

ಈ ಅಭ್ಯಾಸವನ್ನು ಪೂರ್ತಿ ತಳ್ಳಿಹಾಕಲಾರೆ. ವಾಕ್ಯವನ್ನು ನಿಧಾನವಾಗಿ ಓದುವುದನ್ನು ಅದು ಕಲಿಸುತ್ತದೆ. ಆದರೆ ಮಗು ಇಲ್ಲಿ ತಿದ್ದುತ್ತಿರುವುದು ಯಾರ ವಾಕ್ಯವನ್ನು? ತನ್ನದನ್ನಲ್ಲ. ತನ್ನದೆನ್ನುವ ವಾಕ್ಯವನ್ನು ಅದು ಬರೆದದ್ದೇ ಅಪರೂಪ. ರಜಾ ಅರ್ಜಿ ಬಾಯಿಪಾಠ, ಪ್ರಬಂಧ ಬಾಯಿಪಾಠ. ಪರೀಕ್ಷೆ ಹತ್ತಿರ ಬಂದಾಗ ಕೈಗೆ ಸಿಗುವ ಪಾಸಿಂಗ್ ಪ್ಯಾಕೇಜಿನಲ್ಲಂತೂ ಪತ್ರದ ತಲೆ, ಬಾಲ ಎರಡೂ ಸಿದ್ಧವಾಗಿರುತ್ತವೆ. ಬರೆಯದವರಿಗೆ ತಿದ್ದಲು ಏನಿದೆ?

ಇನ್ನೂ ದೊಡ್ಡ ಕೊರತೆಯೆಂದರೆ, ತಪ್ಪು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. 'ಟು ಮಿ ಟೂ ಬ್ರದರ್ಸ್ ಆರ್ ದೇರ್' ಎಂದು ಬರೆದ ಹುಡುಗಿ ದಡ್ಡಿಯಲ್ಲ. ಕನ್ನಡದಲ್ಲಿ 'ಹ್ಯಾವ್' ಎಂಬ ಕ್ರಿಯಾಪದವಿಲ್ಲ. 'ನನಗೆ ಇಬ್ಬರು ಅಣ್ಣಂದಿರು ಇದ್ದಾರೆ' ಎಂಬುದರ ಅಚ್ಚಿಗೆ ಅವಳು ಇಂಗ್ಲಿಷ್ ಪದಗಳನ್ನು ಹೊಂದಿಸಿದ್ದಾಳೆ. 'ಡಿಸ್ಕಸ್ ಅಬೌಟ್' ಎನ್ನುವವರ ಬೆನ್ನಿಗೆ ನಮ್ಮ 'ಬಗ್ಗೆ ಚರ್ಚಿಸು' ಇದೆ. ಎಲ್ಲ ವಾಕ್ಯದ ಕೊನೆಗೂ 'ಇಸಂಟ್ ಇಟ್' ಸೇರಿಸುವವರಿಗೆ 'ಅಲ್ವಾ' ಸಾಕಾಗುವ ಭಾಷೆಯ ರೂಢಿಯಿದೆ.

'ಎ' ಮತ್ತು 'ದ' ವಿಷಯಕ್ಕೆ ಬನ್ನಿ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಅದು ಹತ್ತುವುದಿಲ್ಲ ಎಂದು ಎಷ್ಟೋ ಜನ ಕೈಚೆಲ್ಲುತ್ತಾರೆ. ನಾನು ಒಪ್ಪುವುದಿಲ್ಲ. 'ಒಬ್ಬ ಮೇಷ್ಟ್ರು ಬಂದ್ರು' ಎಂದರೆ ಯಾರೋ ಗುರುತಿಲ್ಲದವರು. 'ಮೇಷ್ಟ್ರು ಬಂದ್ರು' ಎಂದರೆ ನಮ್ಮ ಶಾಲೆಯವರೇ. 'ಅಪ್ಪ ಹಸು ಮಾರಿದ್ರು' ಎನ್ನುವುದಕ್ಕೂ 'ಅಪ್ಪ ಹಸೂನ ಮಾರಿದ್ರು' ಎನ್ನುವುದಕ್ಕೂ ಇರುವ ವ್ಯತ್ಯಾಸ ಮೂರನೇ ತರಗತಿಯ ಮಗುವಿಗೂ ಗೊತ್ತು. ಎರಡನೆಯದು ಕೇಳಿದವರಿಗೆ ಆಗಲೇ ಗೊತ್ತಿರುವ ಹಸು. ತಿಳಿವಳಿಕೆ ಆಗಲೇ ಇದೆ, ಅದಕ್ಕೆ ಇಂಗ್ಲಿಷ್ ರೂಪ ಕೊಡಬೇಕಷ್ಟೆ. ಈ ಒಂದು ಪಾಠವನ್ನು ಕನ್ನಡದಲ್ಲೇ ಶುರುಮಾಡಿದರೆ ಸುಳಿವು ಕೊಟ್ಟು ತಿದ್ದಿಸುವ ಹತ್ತು ಪ್ಯಾರಾಗಳಿಗಿಂತ ಹೆಚ್ಚು ದಕ್ಕುತ್ತದೆ.

ನಾವು ಇಂದಿಗೂ ನೆಚ್ಚಿಕೊಂಡಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ಈ ಪಾಠ ಸಿಗದು. 1930ರ ದಶಕದ ಆ ಪುಸ್ತಕ ಮೊದಲು ಗಮನದಲ್ಲಿಟ್ಟುಕೊಂಡದ್ದು ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು. ಅದರ ಶಿಸ್ತು ದೊಡ್ಡದು. ಕನ್ನಡದ ಮಗು ಎಲ್ಲಿ ಎಡವುತ್ತದೆ ಎಂಬುದು ಅದರ ಚಿಂತೆಯಾಗಿರಲಿಲ್ಲ.

ಬೇರೆ ದಾರಿಯನ್ನು ನಮ್ಮ ರಾಜ್ಯದಲ್ಲೇ ಒಮ್ಮೆ ಹುಡುಕಿದ್ದುಂಟು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಜಗತ್ತು 'ಬೆಂಗಳೂರು ಪ್ರಾಜೆಕ್ಟ್' ಎಂದು ಕರೆಯುತ್ತದೆ. ವ್ಯಾಕರಣದ ನಿಯಮಗಳನ್ನು ಬದಿಗಿಟ್ಟು ನಕ್ಷೆ, ವೇಳಾಪಟ್ಟಿಗಳನ್ನು ಓದಿಸಿ ಲೆಕ್ಕ ಬಿಡಿಸುವ ಕೆಲಸ ಕೊಟ್ಟರು. ಮನಸ್ಸು ಅರ್ಥದ ಮೇಲಿದ್ದಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎಂಬುದು ಅವರ ವಾದ. ಸಂಶೋಧಕರಾದ ಬೆರೆಟ್ಟಾ ಮತ್ತು ಡೇವಿಸ್ ಮಾಡಿದ ಮೌಲ್ಯಮಾಪನ ಒಟ್ಟಾರೆ ಪ್ರಯೋಗದ ಪರವಾಗಿಯೇ ಇತ್ತು. ಪ್ರಭು ಹೇಳಿದ್ದರಲ್ಲಿ ಅರ್ಥ ಮೊದಲು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ತರಗತಿ ಬಿಟ್ಟರೆ ಇಂಗ್ಲಿಷ್ ಕಿವಿಗೇ ಬೀಳದ ಹಳ್ಳಿಯಲ್ಲಿ ನಿಯಮವನ್ನು ಬಾಯಿಬಿಟ್ಟು ಹೇಳಿಕೊಡದೆ ಆಗದು.

ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬ ಮಕ್ಕಳ ಸ್ಥಿತಿ ಇನ್ನೂ ಕಠಿಣ. ಅವರ ಮನೆಮಾತೇ ಬೇರೆ, ಶಾಲೆಯ ಕನ್ನಡವೇ ಅವರಿಗೆ ಎರಡನೆಯದು. ಇಂಗ್ಲಿಷ್ ಅದರ ಮೇಲೆ ಬಂದು ಕೂರುತ್ತದೆ. ಆ ಮಗುವಿನ ಪುಟವಿಡೀ ಕೆಂಪು ಶಾಯಿ ಎಳೆದರೆ ಅದು ಬರೆಯುವುದನ್ನೇ ನಿಲ್ಲಿಸುತ್ತದೆ.

ಪದದ ಆಯ್ಕೆಯಲ್ಲೂ ಅರ್ಥವೇ ಮೊದಲು. 'ಕೈಂಡ್ಲಿ ಡು ದ ನೀಡ್‌ಫುಲ್' ಎಂಬುದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಏನು ಮಾಡಬೇಕೆಂದೇ ಅದು ಹೇಳುವುದಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟಿದೆ, ರಿಪೇರಿ ಮಾಡಿಸಿ ಎಂದು ನೇರ ಬರೆಯುವುದು ಉತ್ತಮ ಇಂಗ್ಲಿಷ್. ಹಾಗೆಯೇ 'ಪ್ರಿಪೋನ್' ಎಂದವರನ್ನು ಗದರಿಸಬೇಕಿಲ್ಲ, ಆಕ್ಸ್‌ಫರ್ಡ್ ನಿಘಂಟೇ ಅದಕ್ಕೆ ಜಾಗ ಕೊಟ್ಟಿದೆ.

ಹಾಗಾದರೆ ಮಾಡಬೇಕಾದದ್ದೇನು? ಪಿರಿಯಾಪಟ್ಟಣದ ಹುಡುಗನೊಬ್ಬ ಹರಾಜಿನಲ್ಲಿ ಅಪ್ಪನ ಹೊಗೆಸೊಪ್ಪಿನ ಬೇಲ್‌ಗೆ ಸಿಕ್ಕ ಬೆಲೆಯ ಬಗ್ಗೆ ಐದು ವಾಕ್ಯ ಬರೆಯಲಿ. ಕೆ.ಆರ್. ನಗರದ ಹುಡುಗಿ ಚುಂಚನಕಟ್ಟೆ ಜಾತ್ರೆಯ ಬಗ್ಗೆ ಬರೆಯಲಿ. ಈ ವಾರ ಮೇಷ್ಟ್ರು ಆರ್ಟಿಕಲ್ಲನ್ನು ಮಾತ್ರ ನೋಡಲಿ, ಮುಂದಿನ ವಾರ ಕ್ರಿಯಾಪದದ ಕಾಲವನ್ನು. ಮಕ್ಕಳು ಅದೇ ಐದು ವಾಕ್ಯವನ್ನು ಮತ್ತೆ ಬರೆಯಲಿ. ಪರೀಕ್ಷಾ ಮಂಡಳಿಯೂ ಎಡಿಟಿಂಗ್ ಪ್ರಶ್ನೆಯ ಸುಳಿವನ್ನು ತೆಗೆದು, ಮಕ್ಕಳು ಹೀಗೆ ಬರೆದು ತಿದ್ದಿದ ಎರಡೂ ಪ್ರತಿಗಳಿಗೆ ಆಂತರಿಕ ಅಂಕದಲ್ಲಿ ಪಾಲು ಕೊಡಬೇಕು.